ತಕರಾರಿನ ಸರದಿ

ಹಿರೇಮಳಗಿ,
ಫೆಬ್ರವರಿ 30, 2219

ಕಲಿಯುವ ಯಂತ್ರಗಳ ಸಂಶೋಧನೆಯಲ್ಲಿ ತೊಡಗಿರುವ ಹಿರಿಯರಿಗೆ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನ. ಸುಮಾರು ಇನ್ನೂರು ವರ್ಷ ಹಿಂದಿನವರಾದ ನಿಮಗೆ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಅರ್ಥ ಹೇಳುತ್ತ ಹೋಗುತ್ತೇನೆ.

ನಮ್ಮೂರಿಗೆ ನೀರು ಹಂಚುವುದು ‘ಕಲಿಗ’. ನೀವು ಪ್ರಯೋಗಾಲಯದಲ್ಲಿ ತಿದ್ದುತ್ತಿರುವ ಯಂತ್ರಬುದ್ಧಿಯ ಮರಿಮಗ ಅದು. ಯಾವ ಓಣಿಗೆ ಎಷ್ಟು ನೀರು ಬೇಕೆಂದು ಜನರ ನಡವಳಿಕೆ ನೋಡಿ ತಾನೇ ಕಲಿಯುತ್ತದೆ. ನನ್ನ ಅಜ್ಜಿಯ ಕಾಲದಲ್ಲಿ ಕುಂಬಾರ ಓಣಿಯ ನೀರು ವರ್ಷದಿಂದ ವರ್ಷಕ್ಕೆ ಇಳಿಯಿತು. ಯಂತ್ರವೇನೂ ಕೆಟ್ಟಿರಲಿಲ್ಲ. ಕೊಡ ಅರ್ಧವೇ ತುಂಬಿದರೂ ಅಲ್ಲಿಯವರು, ಉಳಿದವರಿಗೂ ಬೇಕಲ್ಲ ಎಂದು ಸುಮ್ಮನಿರುತ್ತಿದ್ದರು. ದೂರು ಬಾರದ ಕಡೆ ಕೊರತೆಯಿಲ್ಲವೆಂದು ಕಲಿಗ ಕಲಿತುಬಿಟ್ಟಿತ್ತು. ಒಂದು ಬೇಸಿಗೆಯಲ್ಲಿ ಇಡೀ ಓಣಿ ಊರು ಬಿಟ್ಟಿತು.

ಅಂದಿನಿಂದ ಇಲ್ಲಿ ತಕರಾರಿನ ಸರದಿಯಿದೆ. ಪ್ರತಿ ಸೋಮವಾರ ಒಂದು ಮನೆಯವರು ನೀರಿನ ಕಟ್ಟೆಗೆ ಹೋಗಿ ಕಲಿಗದೊಂದಿಗೆ ಜಗಳವಾಡಬೇಕು. ತಮ್ಮ ಓಣಿಗಾಗಿ ಅಲ್ಲ, ಪಕ್ಕದ ಓಣಿಗಾಗಿ. ತಮಗೆ ಬೇಕೆನ್ನಲು ನಾಚುವ ನಮ್ಮ ಜನ ಇನ್ನೊಬ್ಬರಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ. ಅವರಿಗೂ ಕಲಿಗಕ್ಕೂ ಒಪ್ಪಿಗೆಯಾದ ಮೇಲೆ ಸರದಿಯವರು ಕಟ್ಟೆಯ ಕೀಲಿ ತಿರುಗಿಸಿದರೆ ಮಾತ್ರ ಹೊಸ ಹಂಚಿಕೆ ಜಾರಿಗೆ ಬರುತ್ತದೆ.

ನೀರಿನ ಮಂಡಳಿ ಈಗ ಇದನ್ನು ನಿಷೇಧಿಸಿದೆ. ಕಲಿಗ ಮುಖ ನೋಡಿಯೇ ಬಾಯಾರಿಕೆ ಅರಿಯುತ್ತದೆ, ನಿಮ್ಮ ಜಗಳದಿಂದ ಅದರ ಕಲಿಕೆ ಕೆಡುತ್ತಿದೆ, ಕೀಲಿ ಕೊಡಿ ಎಂದು ಮಂಡಳಿಯ ಅಧಿಕಾರಿ ಬಂದು ಕೇಳಿದರು. ಅಂದು ಸರದಿ ಫಕೀರವ್ವನದು. ಆಕೆ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, “ಯಪ್ಪಾ, ನಲವತ್ತು ವರ್ಷ ನನ್ನ ಗಂಡ ನನ್ನ ಮಾರಿ ನೋಡ್ಯಾನ. ಹಸಿವಾಗೇತೊ ಸಿಟ್ಟು ಬಂದೇತೊ ಅವಂಗ ಇನ್ನೂ ತಿಳಿಯಂಗಿಲ್ಲ. ನಿನ್ನ ಡಬ್ಬಿಗೆ ತಿಳಿತೈತೇನು?” ಎಂದಳು. ಅಧಿಕಾರಿಯೂ ನಕ್ಕರು. ಆದೇಶ ಮಾತ್ರ ಬದಲಾಗಲಿಲ್ಲ. ನಾಳೆ ಪೊಲೀಸರೊಂದಿಗೆ ಬರುತ್ತಾರೆ.

ಕಲಿಗದ ಮೇಲೆ ನಮಗೆ ದ್ವೇಷವಿಲ್ಲ. ಅದು ಬಂದ ಮೇಲೆ ಪೈಪುಗಳ ಸೋರಿಕೆ ನಿಂತಿದೆ, ಟ್ಯಾಂಕರಿನ ಹಿಂದೆ ಓಡುವುದು ತಪ್ಪಿದೆ. ಆದರೆ ನಮ್ಮಿಂದ ಕಲಿಯುವ ಯಂತ್ರಕ್ಕೆ ‘ನೀನು ತಪ್ಪು ಕಲಿತೆ’ ಎಂದು ಹೇಳುವ ಹಕ್ಕೂ ನಮ್ಮದೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ನಿಮ್ಮ ಯಂತ್ರ ಇನ್ನೂ ಎಳೆಯದು. ‘ಇಲ್ಲ’ ಎನ್ನುವವರ ಮಾತು ಕೇಳಿ ನಿಲ್ಲುವುದನ್ನು ಅದಕ್ಕೆ ಈಗಲೇ ಕಲಿಸಿ. ನೀವು ಕಲಿಸದೆ ಬಿಟ್ಟರೆ ಆ ಕೆಲಸವನ್ನು ನಾವು ಮಾಡುತ್ತೇವೆ. ಬೆಳಗಾದರೆ ಊರೆಲ್ಲ ಕಟ್ಟೆಯ ಮೇಲೆ ಕೂತಿರುತ್ತದೆ. ನಾವು ಏಳುವುದಿಲ್ಲ.

ಇಮಾಂಬಿ ನದಾಫ