ಬಂಕಾಪುರದ ಬುತ್ತಿ

ಶಿಗ್ಗಾಂವ
೧೬ ನವೆಂಬರ್ ೨೦೨೫, ರವಿವಾರ, ಇನ್ನೂ ಬೆಳಗಾಗಿಲ್ಲ

ಪ್ರೀತಿಯ ಅವ್ವಾ,

ಎರಡೂವರೆಗೆ ಗೋವಿನಜೋಳದ ಲಾರಿಯೊಂದು ನಮ್ಮ ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು, ಎಚ್ಚರವಾಯಿತು. ನಿಜ ಹೇಳಬೇಕೆಂದರೆ ನಿದ್ದೆಯೇ ಹತ್ತಿರಲಿಲ್ಲ. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ ಇಲ್ಲವೋ? ಅಪ್ಪನ ಕೆಮ್ಮು ಇಳಿಯಿತೆ? ಇಲ್ಲಿ ನಿನ್ನ ಮೊಮ್ಮಗಳು ಸನ್ನಿಧಿಯ ನೆಗಡಿ ಹೋಗಿದೆ. ಫೋನಿನಲ್ಲಿ ಮಾತಾಡಿದರೆ ನನಗೆ ಅಳು ಬರುತ್ತದೆ, ಗೋಡೆಯಾಚೆ ಅತ್ತೆ ಮಲಗಿದ್ದಾರೆ. ಅದಕ್ಕೇ ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಎಮ್ಮೆ ಹಿಂಡಲು ನಾಲ್ಕಕ್ಕೆ ಏಳುತ್ತೀಯಲ್ಲ, ಆಗ ಓದು.

ನಿನ್ನೆ ಸಂಜೆ ವಿದ್ಯಕ್ಕ ನಮ್ಮ ತವರಿನ ವಾಟ್ಸಾಪ್ ಗ್ರೂಪಿನಲ್ಲಿ 'ನಾಳೆ ಬಂಕಾಪುರ' ಎಂದು ಬರೆದು ಬುತ್ತಿಯ ಫೋಟೋ ಹಾಕಿದ್ದಳು. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ನಿನ್ನ ಕೈ, ನಾನು ಕೊಟ್ಟ ಇಳಕಲ್ ಸೀರೆಯ ಸೆರಗು. ವಿದ್ಯಕ್ಕನ ರೊಟ್ಟಿ ದಪ್ಪ, ಫೋಟೋದಲ್ಲೂ ಗೊತ್ತಾಗುತ್ತದೆ. ಇರಲಿ. ಹಾನಗಲ್ಲಿನಿಂದ ಚನ್ನೇಶ ಮಾವನ ಟಂಟಂ ಹತ್ತಿ ನೀವೆಲ್ಲ ಬರುತ್ತೀರಿ. ಬಂಕಾಪುರ ಯಾರ ಮನೆಗೆ ಹತ್ತಿರ, ಅವ್ವಾ? ಇಲ್ಲಿ ಬಸ್ಸು ಹತ್ತಿದರೆ ಸನ್ನಿಧಿ ಒಂದು ಬಿಸ್ಕಿಟ್ ಪುಡಿಕೆ ಮುಗಿಸುವಷ್ಟರಲ್ಲಿ ಬರುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಅಲ್ಲಿಯ ಕೋಟೆಯ ನವಿಲುಗಳ ಕೂಗಿಗೆ ಯಾರೂ ದುಡ್ಡು ಕೇಳುವುದಿಲ್ಲ. ಆದರೂ ನಾನು ಮನೆಯಲ್ಲೇ.

ಇದೇ ಮೊದಲಲ್ಲ. ಶ್ರಾವಣ ಸೋಮವಾರ ಆನೆಕೆರೆಯ ದಂಡೆಯಲ್ಲಿ ವಿದ್ಯಕ್ಕನ ಮಗ ಮಾಲತೇಶ ನಿನ್ನ ತೊಡೆಯ ಮೇಲೆ ಕೂತು ಉಂಡ. ದಸರಾ ರಜೆಯಲ್ಲಿ ಸವಣೂರಿನ ದೊಡ್ಡ ಹುಣಸೆಮರವನ್ನು ನೀವೆಲ್ಲ ಕೈಕೈ ಹಿಡಿದು ತಬ್ಬಿದಿರಿ. ಒಂದು ಕೈ ಕಡಿಮೆ ಬಿದ್ದು ದಾರಿಯಲ್ಲಿ ಹೋಗುತ್ತಿದ್ದ ಹೆಂಗಸನ್ನು ಕರೆದು ನಿಲ್ಲಿಸಿಕೊಂಡಿರಂತೆ! ಆ ಕೈ ನನ್ನದಾಗಬಾರದಿತ್ತೆ? ಮರುದಿನ ನೀನು ಬಸ್ ಕಂಡಕ್ಟರನ ಕೈಯಲ್ಲಿ ಸವಣೂರು ಖಾರಾ ಕಳಿಸಿದೆ. ಮಗಳು ಖಾರಾ ತಿಂದಳು, ನಾನು ಸಿಟ್ಟು ನುಂಗಿದೆ. "ಅಜ್ಜಿ ಮಾಲತೇಶಗ ಅಷ್ಟ ಅಜ್ಜಿ ಏನ?" ಎಂದು ಕೇಳಿದಳು.

ವಿದ್ಯಕ್ಕನನ್ನು ಕೇಳಿದರೆ "ಗ್ರೂಪಿನ್ಯಾಗ ಹಾಕೇನಲ್ಲ, ಮತ್ತ ಅಕ್ಷತಿ ಕೊಟ್ಟು ಕರೀಬೇಕೇನ ನಿನ್ನ?" ಎಂದು ನಕ್ಕಳು. ನೀನೂ "ಶೈಲಾ ಕಾಲೇಜ ಕಲ್ತಾಕಿ, ಆಕಿಗೇನ ಹೇಳಿ ಕಳಸೂದು, ತಾನ ಬರ್ತಾಳ" ಎಂದೆಯಂತೆ. ವಿದ್ಯಕ್ಕನ ಅತ್ತೆಯ ಮನೆಗೆ ಮಾತ್ರ ನೀನೇ ನಡೆದು ಹೋಗಿ, "ಶಾರವ್ವಾರ, ಸೊಸಿನ್ನ ಕಳಸ್ರಿ, ನೀವೂ ಬರ್ರಿ" ಎಂದು ಕೇಳಿ ಬಂದೆ. ಅವ್ವಾ, ಓದಿದರೂ ನಾನು ಈ ಮನೆಯ ಸೊಸೆಯೇ. ರಾತ್ರಿ ಊಟ ಬಡಿಸುವಾಗ ಮೆಲ್ಲಗೆ ಮಾತು ತೆಗೆದೆ. ಅತ್ತೆ ತಟ್ಟೆಯಿಂದ ಮುಖ ಎತ್ತಲಿಲ್ಲ. "ಬ್ಯಾಡ ಅಂದೇನೇನ ನಾ? ನಿಮ್ಮವ್ವ ಒಂದ ಮಾತ ಕೇಳ್ಲಿ, ಕಳಸ್ತೇನಿ. ಕರೀಲಾರದ ಬುತ್ತಿಗೆ ಹೋದ್ರ ಮಂದಿ ನನಗ ಅಂತಾರ." ಇವರಿಗೆ ಹೇಳಿದರೆ "ಅವ್ವನ್ನ ಕೇಳು" ಎಂದು ಮಗ್ಗಲು ಬದಲಿಸಿದರು.

ನಾನು ಬರದಿದ್ದರೂ ಕೋಟೆಯ ಕಂದಕದ ಹತ್ತಿರ ಮಕ್ಕಳನ್ನು ಬಿಡಬೇಡ. ಹುಲ್ಲಿನಲ್ಲಿ ಹಾವುಗಳಿರುತ್ತವೆ. ಮಾಲತೇಶನ ಕೈ ಹಿಡಿದುಕೊ. ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ಅಪ್ಪನಿಗೆ ನಮಸ್ಕಾರ. ವಿದ್ಯಕ್ಕನಿಗೆ ಏನು ಹೇಳಬೇಕೋ ನೀನೇ ಹೇಳು.

ನಿನ್ನ ಸಣ್ಣ ಮಗಳು,
ಶೈಲಶ್ರೀ

ತಾ.ಕ.: ನನಗಲ್ಲ, ಅತ್ತೆಗೆ ಫೋನ್ ಮಾಡು. ಐದಕ್ಕೆ ಏಳುತ್ತಾರೆ. ಇವತ್ತು ಕೌದಿ ಒಗೆಯುವುದೆಂದು ಹೇಳಿದ್ದಾರೆ, ಒಮ್ಮೆ ಕೌದಿ ನೀರಿಗೆ ಬಿದ್ದರೆ ನನ್ನ ದಿನವೆಲ್ಲ ಅದರಲ್ಲೇ ಮುಗಿಯಿತು. "ಹೊನ್ನವ್ವಾರ, ಶೈಲಾನ್ನ ಕಳಸ್ರಿ, ನೀವೂ ಬರ್ರಿ" ಅಂದರೆ ಸಾಕು. ನಾನು ಬರೆದೆನೆಂದು ಬಾಯಿ ಬಿಡಬೇಡ. ಸನ್ನಿಧಿ ಹೊಸ ಚಪ್ಪಲಿ ಹಾಕಿಕೊಂಡೇ ಮಲಗಿದ್ದಾಳೆ, ಬಿಚ್ಚಲು ಹೋದರೆ ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತಾಳೆ. ಬೆಳಕು ಹರಿಯುವ ಮೊದಲು ಮಾಡು, ಅವ್ವಾ. ಮಾಡುತ್ತೀಯಲ್ಲ?