ಒಲೆ ಎಣಿಸಲು ಬಂದು ಎಲೆ ಬಳಿದು ಹೋದವರಿಗೆ

ಮಾನ್ಯ ಪಡಿತರ ತನಿಖಾಧಿಕಾರಿಗಳೇ,

ನನ್ನ ತಂಗಿ ಪದ್ಮಿನಿಗೆ ಬೇರೆ ಪಡಿತರ ಚೀಟಿ ಕೊಡಲಾಗದು ಎಂದು ತಾವು ಬರೆದ ಹಿಂಬರಹ ಕೈಸೇರಿತು. 'ಅರ್ಜಿದಾರರು ಅಣ್ಣನ ಒಲೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿರುವುದು ಸ್ಥಳ ತನಿಖೆಯಲ್ಲಿ ಕಂಡುಬಂದಿದೆ.' ಕಂಡುಬಂದದ್ದಷ್ಟೇ ಅಲ್ಲ ಸ್ವಾಮಿ, ಆ ಒಲೆಯ ಅಡುಗೆಯನ್ನು ತಾವು ಎರಡು ಸಲ ಬಡಿಸಿಕೊಂಡು ಉಂಡಿದ್ದೀರಿ. ಅದನ್ನೇಕೆ ವರದಿಯಲ್ಲಿ ಬರೆಯಲಿಲ್ಲ?

ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ಓದುವವರಿಗೂ ವಿಷಯ ತಿಳಿಯಲಿ. ಪದ್ಮಿನಿಯನ್ನು ಕುಂತೂರಿಗೆ ಕೊಟ್ಟಿದ್ದೆವು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ. ಎರಡು ವರ್ಷದ ಹಿಂದೆ ಇವಳು ಮಗಳ ಕೈಹಿಡಿದು ಲೊಕ್ಕನಹಳ್ಳಿಗೆ, ನಮ್ಮ ಮನೆಗೆ ಬಂದಳು. ಸರ್ಕಾರದ ಕಡತದಲ್ಲಿ ಮಾತ್ರ ಇವತ್ತಿಗೂ ಅವಳು ಕುಂತೂರಿನ ಸೊಸೆ. ತಾಯಂದಿರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವಿನ ಹಣ ಸಿಗುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ ಮಾತ್ರ. ಅಲ್ಲಿ ಯಜಮಾನಿ ಅವಳ ಅತ್ತೆ, ಇಲ್ಲಿ ನನ್ನ ಹೆಂಡತಿ ರತ್ನ. ಮಗಳ ಚಪ್ಪಲಿಗೂ ಪುಸ್ತಕಕ್ಕೂ ಅಣ್ಣನ ಮುಂದೆ ಕೈಯೊಡ್ಡಬಾರದು ಎಂಬುದಷ್ಟೇ ಪದ್ಮಿನಿಯ ಆಸೆ.

'ಬೇರೆ ಒಲೆ ಇದ್ದರೆ ಬೇರೆ ಚೀಟಿ' ಎಂದವರು ತಾವೇ. ಹಿತ್ತಿಲ ಕೋಣೆಯಲ್ಲಿ ಒಲೆ ಹಾಕಿಕೊಟ್ಟೆ. ಅಂದಿನಿಂದ ಅವಳು ಅಲ್ಲೇ ಬೇಯಿಸಿಕೊಳ್ಳುತ್ತಿದ್ದಾಳೆ. ಅರ್ಜಿ ಹಾಕಿ ಹನ್ನೊಂದು ತಿಂಗಳು ತಮ್ಮ ಸುಳಿವಿಲ್ಲ. ಕೊನೆಗೆ ಬಂದದ್ದು ಯಾವತ್ತು? ನಾವು ಮನೆದೇವರು ಮಾದಪ್ಪನ ಹೆಸರಿನಲ್ಲಿ ಊಟ ಹಾಕುವ ಅಮಾವಾಸ್ಯೆಯ ದಿನ. ಆವತ್ತು ನಮ್ಮ ಮನೆತನದಲ್ಲಿ ಬೇರೆಯಾದವರೂ ಸೇರಿ ಒಂದೇ ಒಲೆ ಹೊತ್ತಿಸುತ್ತಾರೆ, ಉಳಿದ ಒಲೆಗಳಿಗೆ ಬೆಂಕಿ ಹಾಕುವಂತಿಲ್ಲ.

ಪದ್ಮಿನಿಯೇ ತಮಗೆ ಎಲೆ ಹಾಕಿದಳು. "ಉಣ್ಕಂಡು ಓಗಿ ಸಾ, ದ್ಯಾವ್ರ ಊಟ ಬ್ಯಾಡ ಅನ್ಬಾರ್ದು" ಅಂದಳು. ತಾವು ಉಂಡಿರಿ, ಪಾಯಸ ಹೊಗಳಿದಿರಿ. ಕೈತೊಳೆಯಲು ಹಿತ್ತಿಲಿಗೆ ಹೋದವರು ಅವಳ ಒಲೆಯೊಳಗೆ ಬಗ್ಗಿ ನೋಡಿ, "ಇವತ್ತು ಹಚ್ಚಿಲ್ವಲ್ಲಮ್ಮ?" ಎಂದಿರಿ. "ಇವತ್ತು ಅಚ್ಚಂಗಿಲ್ಲ ಸಾ, ದ್ಯಾವ್ರ ಒಲೆ ಒಂದೇಯ" ಎಂದು ಅವಳು ಬಿಡಿಸಿ ಹೇಳಿದಳು. ಊಟ ಹೊಟ್ಟೆಗಿಳಿಯಿತು, ಮಾತು ತಲೆಗಿಳಿಯಲಿಲ್ಲ. ಗಂಡ ಬೇರೆ ಸಂಸಾರ ಹೂಡಿದ್ದು ಎರಡು ವರ್ಷವಾದರೂ ತಮ್ಮ ಕಣ್ಣಿಗೆ ಬೀಳಲಿಲ್ಲ. ಒಂದು ದಿನ ಆರಿದ ಒಲೆ ಎಷ್ಟು ಚೆನ್ನಾಗಿ ಕಂಡಿತು! ಈ ದೃಷ್ಟಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತಿದೆ.

ಮರು ಅರ್ಜಿ ಹಾಕಿದ್ದೇವೆ. ಈಗ ಪದ್ಮಿನಿ ನಮ್ಮ ಜಗಲಿಯಲ್ಲಿ ಒಂದು ಲೋಟ ಕಾಫಿ ಕುಡಿಯುವುದಕ್ಕೂ ಹೆದರುತ್ತಾಳೆ. ಮೊನ್ನೆ ಅವಳ ಮಗಳು ನನ್ನ ತಟ್ಟೆಯ ಮುದ್ದೆಗೆ ಕೈಹಾಕಿದಾಗ, "ಬಾ ಮಗ, ಆಪೀಸರು ಬಂದ್ಬುಟ್ಟಾರು" ಎಂದು ಎಳೆದುಕೊಂಡು ಹೋದಳು. ಏಳು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು, "ಮಾವ, ನಮ್ಮ ಮ್ಯಾಲೆ ಕ್ವಾಪನಾ?" ಎಂದು ಕೇಳಿದಳು. ಅವಳಿಗೆ ಉತ್ತರ ಹೇಳಬೇಕಾದವರು ನಾನೋ, ತಾವೋ?

ಹದಿನೈದು ದಿನದೊಳಗೆ ಮತ್ತೆ ಬನ್ನಿ. ಕುಂತೂರಿನ ಚೀಟಿಯಿಂದ ಅವಳ ಹೆಸರು ತೆಗೆದು, ಅವಳ ಮನೆಗೆ ಅವಳೇ ಯಜಮಾನಿ ಎಂದು ಬರೆದುಕೊಡಿ. ಅಮಾವಾಸ್ಯೆಗೇ ಬಂದರೂ ಸರಿ, ಈ ಸಲ ಎರಡೂ ಒಲೆ ಉರಿಯುತ್ತಿರುತ್ತವೆ. ಮಾದಪ್ಪನಿಗೆ ತಪ್ಪುಕಾಣಿಕೆ ನಾವು ಹಾಕಿಕೊಳ್ಳುತ್ತೇವೆ. ತಮಗೆ ಎಲೆ ಮಾತ್ರ ಹಾಕುವುದಿಲ್ಲ, ಬುತ್ತಿ ಕಟ್ಟಿಸಿಕೊಂಡು ಬನ್ನಿ.

ಇಂತಿ,
ತಮಗೆ ಎರಡನೇ ಸಲ ಪಾಯಸ ಬಡಿಸಿದ ತಪ್ಪಿತಸ್ಥ
ಪುಟ್ಟಸಿದ್ದಯ್ಯ, ಲೊಕ್ಕನಹಳ್ಳಿ