ತೊಟ್ಟಿಯ ಬಾಯಿಗಿಟ್ಟ ಪೆಟ್ಟಿಗೆ

ಭಾನುವಾರ, ಮಾರ್ಚ್ ೧೦

ಪ್ರೀತಿಯ ಮಗಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಅತ್ತಿಗೆಯ ಮಂಡಿನೋವು ಹೇಗಿದೆ? ಅಳಿಯಂದಿರ ಕೆಮ್ಮು ನಿಂತಿತೇ? ನಮ್ಮ ಗುಂಡನಿಗೆ ಮುಂದಿನ ಹಲ್ಲು ಬಂತೇ? ನೀನು ಬಂದುಹೋಗಿ ಎರಡು ತಿಂಗಳಾದರೂ ನಾನು ಬರೆಯಲಿಲ್ಲ, ಬೇಸರಪಟ್ಟುಕೊಳ್ಳಬೇಡ. ಹೊರಡುವಾಗ ನೀನು ಕೇಳಿದೆ, “ಚಿಕ್ಕಪ್ಪ, ಅಪ್ಪ ಆ ಕಾರ್ಖಾನೆ ತೊಟ್ಟಿಗೆ ನಿಜವಾಗ್ಲೂ ಕಾಲು ಜಾರಿ ಬಿದ್ದಿದ್ದಾ?” ಬಸ್ಸು ಬಂತು ನೋಡು ಎಂದುಬಿಟ್ಟೆ. ಬಂದಿರಲಿಲ್ಲ; ಅದು ನಿನಗೂ ಗೊತ್ತಿತ್ತು.

ಕಾಗದ ಕಾರ್ಖಾನೆಯ ಕೊಳಚೆ ತೊಟ್ಟಿಯ ಬಾಯಿಗೆ ನೀನಿಟ್ಟ ಪೆಟ್ಟಿಗೆ ಚೆನ್ನಾಗಿದೆ. ನಿವೃತ್ತನಾದರೂ ದಿನಾ ಹೋಗಿ ನೋಡಿಬರುತ್ತೇನೆ. ಜೀವಕೋಶಗಳೊಳಗೆ ಹೊರೆ ಹೊತ್ತು ನಡೆಯುವ, ಕಣ್ಣಿಗೆ ಕಾಣದ ಮೋಟಾರುಗಳನ್ನು ನೀನು ಆ ಪೆಟ್ಟಿಗೆಯೊಳಗೆ ಗಾಜಿನ ಬಿಲ್ಲೆಯ ಮೇಲೆ ದುಡಿಯಲು ಹಚ್ಚಿದ್ದೀಯೆಂದು ಮೇಸ್ತ್ರಿಗೆ ವಿವರಿಸಿದೆ. ವಿಷಗಾಳಿ ತಗುಲಿದರೆ ಅವುಗಳ ನಡಿಗೆ ನಿಲ್ಲುತ್ತದೆ, ದೂರದ ಕಚೇರಿಯಲ್ಲಿ ಕೆಂಪು ದೀಪ ಹತ್ತುತ್ತದೆ ಎಂದೆ. ಊಟಕ್ಕೇನು ಕೊಡುತ್ತಾರೆ ಎಂದು ಕೇಳಿದ. ವಾರಕ್ಕೆರಡು ತೊಟ್ಟು ಔಷಧಿ ಎಂದೆ. “ನಮ್ಮೋರಿಗಿಂತ ವಾಸಿ ಬಿಡಿ, ರಜೆನೂ ಕೇಳಲ್ಲ” ಎಂದ.

ಬುಧವಾರ ಆ ದೀಪ ಹತ್ತಿತು, ಯಾರೂ ಇಳಿಯಬೇಡಿ ಎಂದು ಕಚೇರಿಯಿಂದ ಫೋನು ಬಂತು. ತೊಟ್ಟಿ ತೊಳೆಯಲು ಇಬ್ಬರು ಏಣಿ ಇಳಿಸಿ ನಿಂತಿದ್ದರು. ಹಿರಿಯವನು ಬಗ್ಗಿ ಮೂಸಿ, ಏನೂ ವಾಸನೆಯಿಲ್ಲ, ಮಿಷನ್ನೇ ಕೆಟ್ಟಿರಬೇಕು ಎಂದು ಏಣಿಗೆ ಕಾಲಿಟ್ಟೇಬಿಟ್ಟ. ನಾನು ಅವನ ಅಂಗಿ ಹಿಡಿದೆಳೆದೆ. ಇಬ್ಬರೂ ಕೆಸರಿಗೆ ಬಿದ್ದೆವು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಬೈದ. ಆಮೇಲೆ ಗಾಳಿ ಅಳೆಯುವ ಮೀಟರನ್ನು ಹಗ್ಗ ಕಟ್ಟಿ ಇಳಿಬಿಟ್ಟರೆ, ಮುಳ್ಳು ಕೊನೆಯಂಚಿಗೆ ಹೋಗಿ ನಿಂತಿತು. ಆತ ನನ್ನ ಬೆನ್ನಿನ ಕೆಸರು ಒರೆಸಿದ. ಇಬ್ಬರೂ ಸಂಜೆ ಮನೆ ಸೇರಿದರು ಮಗಳೇ. ಅದನ್ನು ತಿಳಿಸಲೆಂದೇ ಪೆನ್ನು ಹಿಡಿದೆ.

ಚಿಕ್ಕಮ್ಮ ನಿನ್ನನ್ನು ದಿನಾ ನೆನೆಯುತ್ತಾಳೆ. ನೀನು ಕೈ ಹಾಕಿದ ಕೆಲಸವೆಲ್ಲ ಹೀಗೇ ಹಸನಾಗಲಿ.

ಇಂತಿ,
ನಿನ್ನ ಚಿಕ್ಕಪ್ಪ

ಮತ್ತೊಂದು ಮಾತು: ಲಕೋಟೆ ಅಂಟಿಸಿದ್ದವನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನಿನ್ನಪ್ಪನೂ ನಾನೂ ಅಲ್ಲಿ ದುಡಿಯುವಾಗ ಮೀಟರು ಇರಲಿಲ್ಲ. ಯಾರಾದರೂ ಇಳಿಯುವ ಮುಂಚೆ ತೊಟ್ಟಿ ಮೂಸಿ ಹೇಳುವ ಕೆಲಸ ನನ್ನದು. ಅವತ್ತು ಬೆಳಿಗ್ಗೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಬಗ್ಗಿ ನಿಂತಿದ್ದಂತೆಯೇ ಇಲ್ಲವಾಯಿತು. “ವಾಸನೆ ಹೋಯ್ತು, ಇಳಿ ಅಣ್ಣ” ಅಂದೆ. ಇಳಿದ ಅಣ್ಣ ಮತ್ತೆ ಮೇಲೆ ಬರಲಿಲ್ಲ. ಆ ವಿಷಗಾಳಿ ಜಾಸ್ತಿಯಾದರೆ ಮೊದಲು ಸಾಯುವುದು ಮೂಗು ಎಂದು ಓದಿ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಅತ್ತಿಗೆಗೆ ಕಾಲು ಜಾರಿತು ಎಂದು ಹೇಳಿಯಾಗಿತ್ತು. ಇಪ್ಪತ್ತೆರಡು ವರ್ಷದಿಂದ, ನಾನು ಬಂದಾಗಲೆಲ್ಲ, ಅವರು ನನಗೇ ಮೊದಲು ಬಡಿಸುತ್ತಾರೆ. ಅವರ ಮುಂದೆ ಕೂತು ನಾನೇ ಹೇಳಬೇಕು ಅನ್ನಿಸುತ್ತದೆ. ಬರಲೇ? ಬೈದಾದರೂ ಸರಿ, ಬೇಗ ಬರೆ.